ನಿಂಗವ್ವನ ಒಲೆಗೆ ನಾನು ತುಂಬಿಕೊಟ್ಟ ಚಕ್ಕೆ

ನಾನು ನಾಗಪುರದಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಮರದ ಅಡುಗೆ ಸಾಮಾನು ಮಾಡಿ ಬದುಕಿದವನು. ಸೌಟು, ಲಟ್ಟಣಿಗೆ, ಚಪಾತಿ ಮಣೆ, ಕಡಗೋಲು, ಹಿಟ್ಟು ನಾದುವ ಮರದ ಬೋಗುಣಿ. ಈ ಬೋಗುಣಿಗೆ ಇಲ್ಲಿಯವರು ಕಾಠವಟ ಎನ್ನುತ್ತಾರೆ. ಈಗ ಕೈ ನಡುಗುತ್ತದೆ, ಉಳಿ ಹಿಡಿಯುವುದನ್ನು ಬಿಟ್ಟಿದ್ದೇನೆ. ನಡುವೆ ಇಪ್ಪತ್ತು ವರ್ಷ ಯಾರಿಗೂ ಬೇಡವಾಗಿದ್ದ ಈ ಸಾಮಾನಿಗೆ ಈಚೆಗೆ ಮತ್ತೆ ಗಿರಾಕಿಗಳು ಹುಟ್ಟಿದ್ದಾರೆ. ಓದಿದ ಹುಡುಗ ಹುಡುಗಿಯರು ಸಣ್ಣ ಸಣ್ಣ ಕಾರ್ಖಾನೆ ಹಾಕಿಕೊಂಡು ನನ್ನ ಹತ್ತಿರ ಬರುತ್ತಾರೆ. ಯಾವ ಮರ ಸೀಳುವುದಿಲ್ಲ, ಉಳಿ ಯಾವ ಓರೆಯಲ್ಲಿ ಹಿಡಿಯಬೇಕು, ಅಗಸೆ ಎಣ್ಣೆ ಎಷ್ಟು ಸಲ ಉಣಿಸಬೇಕು ಎಂದು ಕೇಳುತ್ತಾರೆ. ಗೊತ್ತಿದ್ದುದನ್ನೆಲ್ಲ ಹೇಳಿಕೊಟ್ಟಿದ್ದೇನೆ. ಅವರು ಕೇಳದೇ ಇದ್ದುದರಿಂದ ಹೇಳದೆ ಉಳಿಸಿಕೊಂಡದ್ದು ಒಂದಿದೆ. ಅದನ್ನು ಬರೆದಿಡುವುದಕ್ಕೇ ಇಷ್ಟು ದಿನ ತಡಮಾಡಿದೆ.

ನನ್ನ ಹೆಸರು ಮೋನಪ್ಪ. ನಮ್ಮದು ಗದಗಿನ ಕಡೆಯ ಬಡಿಗರ ಮನೆತನ. ತಂದೆ ರೈಲ್ವೆಯಲ್ಲಿ ಡಬ್ಬಿಗಳ ಕಟ್ಟಿಗೆ ಕೆಲಸ ಮಾಡುತ್ತಿದ್ದರು, ವರ್ಗವಾಗಿ ನಾಗಪುರಕ್ಕೆ ಬಂದರು. ನನ್ನನ್ನೂ ರೈಲ್ವೆಗೇ ಸೇರಿಸಬೇಕೆಂದು ಅವರಿಗಿತ್ತು. ಕಣ್ಣಿನ ಪರೀಕ್ಷೆಯಲ್ಲಿ ನನ್ನ ಎಡಗಣ್ಣು ಮಂದ ಎಂದು ಬರೆದು ಕಳಿಸಿದರು. ಹಾಗಾಗಿ ಐವತ್ತರ ದಶಕದ ಮೊದಲ ವರ್ಷಗಳಲ್ಲಿ, ಹತ್ತೊಂಬತ್ತು ತುಂಬಿದಾಗ, ಕಾಳಪ್ಪಕಾಕಾನ ಕಾರ್ಖಾನೆ ಸೇರಿದೆ.

ಕಾರ್ಖಾನೆ ಎಂದರೆ ಸೀತಾಬರ್ಡಿ ಪೇಟೆಯ ಹಿಂದಿನ ಓಣಿಯಲ್ಲಿ ತಗಡು ಹೊದಿಸಿದ ಒಂದು ಉದ್ದನೆಯ ಕೋಣೆ. ಕೆಲಸಕ್ಕೆ ಇದ್ದವರು ಮೂರೇ ಜನ: ಕಾಕಾ, ನಾನು, ನಿಂಗವ್ವ. ಕಾಕಾ ನಮ್ಮ ತಂದೆಗೆ ದೂರದ ಬಳಗ, ಮದುವೆಯಾಗಿರಲಿಲ್ಲ, ಕಾರ್ಖಾನೆಯ ಮೂಲೆಯಲ್ಲೇ ಅಡುಗೆ ಮಾಡಿಕೊಂಡು ಅಲ್ಲೇ ಮಲಗುತ್ತಿದ್ದರು. ನಿಂಗವ್ವನ ಗಂಡ ರೈಲ್ವೆ ಹಳಿಯ ಕೆಲಸದಲ್ಲಿದ್ದು ತೀರಿಕೊಂಡಿದ್ದ. ಅತ್ತೆ ಮತ್ತು ಶಾಂತಾ ಎಂಬ ಮಗಳೊಂದಿಗೆ ಹತ್ತಿರದ ಚಾಳದಲ್ಲಿ ಒಂದು ಕೋಣೆಯಲ್ಲಿದ್ದಳು. ವಯಸ್ಸಿನಲ್ಲಿ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ನಾನು ಅಕ್ಕಾ ಎನ್ನುತ್ತಿದ್ದೆ.

ಆಗ ಕಡೆಯುವ ಯಂತ್ರಕ್ಕೆ, ನಾವೆಲ್ಲ ಖರಾದು ಎನ್ನುತ್ತಿದ್ದುದಕ್ಕೆ, ಕರೆಂಟು ಇರಲಿಲ್ಲ. ತುಂಡಿಗೆ ಚರ್ಮದ ಪಟ್ಟಿ ಸುತ್ತಿ ಒಬ್ಬರು ಅತ್ತಿತ್ತ ಜಗ್ಗಬೇಕು, ಇನ್ನೊಬ್ಬರು ಉಳಿ ಕೊಡಬೇಕು. ಜಗ್ಗುತ್ತಿದ್ದವಳು ನಿಂಗವ್ವ. ಮೇ ತಿಂಗಳಲ್ಲಿ ತಗಡಿನ ಕೆಳಗೆ ಕುಳಿತರೆ ಹಣೆಯ ಬೆವರು ಮರದ ಮೇಲೆ ಬಿದ್ದು ಕಲೆಯಾಗುತ್ತಿತ್ತು, ಆ ಕಲೆ ಕೆರೆದರೂ ಹೋಗುತ್ತಿರಲಿಲ್ಲ. ಹೊಟ್ಟು ಮೂಗಿಗೆ, ಗಂಟಲಿಗೆ, ಉಣ್ಣುವ ರೊಟ್ಟಿಗೆ ಬರುತ್ತಿತ್ತು. ಮಳೆಗಾಲದಲ್ಲಿ ಕೆಮ್ಮು ಹಿಡಿದರೆ ಚಳಿಗಾಲದವರೆಗೂ ಬಿಡುತ್ತಿರಲಿಲ್ಲ. ಈ ಕೆಲಸ ಶಾಂತವಾದದ್ದು, ಮನಸ್ಸಿಗೆ ಹಿತವಾದದ್ದು ಎಂದು ಈಗಿನವರು ಹೇಳುವುದನ್ನು ಕೇಳಿದರೆ ನನಗೆ ಆ ಕೆಮ್ಮು ನೆನಪಾಗುತ್ತದೆ.

ನಾನು ಮಾಡಿದ ಮೊದಲ ದೊಡ್ಡ ತಪ್ಪು ಒಂದು ಮದುವೆ ಮನೆಯ ಸೌಟುಗಳದ್ದು. ನಮ್ಮ ಕಡೆಯ ರೈಲ್ವೆ ಗುಮಾಸ್ತರೊಬ್ಬರ ಮಗಳ ಮದುವೆ. ಕಡಾಯಿಯಲ್ಲಿ ತಿರುವಲು ಉದ್ದ ಹಿಡಿಕೆಯ ಸೌಟು ಬೇಕೆಂದರು. ಒಣಗಿದ ಬೇವು ಮುಗಿದಿತ್ತು. ಕಾಕಾ ಊರಲ್ಲಿರಲಿಲ್ಲ. ಕಡಿದು ತಿಂಗಳೂ ಆಗದ ಹಸಿ ಬೇವನ್ನೇ ಕೆತ್ತಿ, ಎಣ್ಣೆ ಸವರಿ ಕೊಟ್ಟುಬಿಟ್ಟೆ. ಕುದಿಯುವ ಪಾಯಸದಲ್ಲಿ ಆ ಸೌಟು ಕಹಿ ಬಿಟ್ಟಿತು. ಇನ್ನೂರು ಎಲೆಯ ಮುಂದೆ ಪಾಯಸ ಬಾಯಿಗಿಡುವಂತಿರಲಿಲ್ಲ.

ಕಾಕಾ ಬಂದವರೇ ನನ್ನನ್ನು ಕರೆದುಕೊಂಡು ಆ ಮನೆಗೆ ಹೋದರು. ಬೀಗರೆಲ್ಲ ಇನ್ನೂ ಇದ್ದರು. ನಡುಮನೆಯಲ್ಲಿ ನನ್ನನ್ನು ನಿಲ್ಲಿಸಿ, "ಇಂವ ನನ್ನ ಹುಡುಗ. ತಪ್ಪು ಮಾಡ್ಯಾನ. ಆದ್ರ ಕಾರ್ಖಾನಿ ನಂದು, ಅದಕ್ಕ ತಪ್ಪೂ ನಂದ" ಎಂದು ಕೈಮುಗಿದರು. ಉಳಿದಿದ್ದ ಪಾಯಸವನ್ನು ಒಂದು ಬಟ್ಟಲು ಕೇಳಿ ತರಿಸಿ, ಅರ್ಧ ತಾವು ಕುಡಿದು ಅರ್ಧ ನನಗೆ ಕೊಟ್ಟರು. ದಾರಿಯಲ್ಲಿ ಬರುವಾಗ ಹೇಳಿದ್ದು ಇಷ್ಟೇ: "ನಾವು ಮಾಡೂದು ಮಂದಿ ಬಾಯಿಗೆ ಹೋಗೂ ಸಾಮಾನ, ಮೋನ್ಯಾ. ಕುರ್ಚಿ ಅಲ್ಲ ಇದು." ಅಂಥ ಮನುಷ್ಯ ಅವರು. ಮುಂದೆ ಬರೆಯುವುದನ್ನು ಓದುವಾಗ ಇದನ್ನೂ ನೆನಪಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಮೂರು ನಾಲ್ಕು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ಸೀತಾಬರ್ಡಿಯ ಅಂಗಡಿಗಳಿಗೆ ಅಲ್ಯೂಮಿನಿಯಮ್ ಸೌಟುಗಳು ಬಂದವು. ಹೊಳೆಯುವ ಸಾಮಾನು, ಒಡೆಯುವುದಿಲ್ಲ, ಹುಳ ಹತ್ತುವುದಿಲ್ಲ. ನಮ್ಮ ಸಾಮಾನು ಇಡುತ್ತಿದ್ದ ವ್ಯಾಪಾರಿ, "ಇನ್ನ ಹೆಚ್ಚು ಕೊಡ್ರಿ, ಜಲ್ದಿ ಕೊಡ್ರಿ, ಇಲ್ಲಾಂದ್ರ ನಾ ಅದನ್ನ ಇಡ್ತೇನಿ" ಎಂದ. ಕಾಕಾ ಮೋಟಾರಿನ ಖರಾದು ತಂದು ಹಾಕಿದರು. ನಿಂಗವ್ವನ ಜಗ್ಗುವ ಕೆಲಸ ತಪ್ಪಿತು. ಉಸುಕಿನ ಕಾಗದ ಉಜ್ಜಿ ನುಣುಪು ಮಾಡಿ ಎಣ್ಣೆ ಉಣಿಸುವುದು ಅವಳ ಪಾಲಿಗೆ ಬಂತು. ದಿನಕ್ಕೆ ಹತ್ತು ಸೌಟು ಆಗುತ್ತಿದ್ದಲ್ಲಿ ಐವತ್ತು ಆಗತೊಡಗಿತು. ಮರವೇ ಸಾಲದೆ ಹೋಯಿತು. ಸಾಗವಾನಿ, ಶೀಸಂ ಎಲ್ಲವನ್ನೂ ಪೀಠೋಪಕರಣದವರು ಎತ್ತಿಕೊಂಡು ಹೋಗುತ್ತಿದ್ದರು. ಜೊತೆಗೆ ಮೋಟಾರು ಚಕ್ಕೆಯನ್ನೂ ರಾಶಿ ರಾಶಿ ಉದುರಿಸುತ್ತಿತ್ತು. ಚಕ್ಕೆಯನ್ನು ಒಲೆಗೆಂದು ನಿಂಗವ್ವ ಮನೆಗೆ ಒಯ್ಯುವುದು ಮೊದಲಿನಿಂದಲೂ ನಡೆದುಬಂದಿತ್ತು. ಸಂಜೆ ಕಸ ಗುಡಿಸಿ ಚೀಲ ತುಂಬಿ ಬಾಯಿ ಕಟ್ಟಿ ಅವಳ ತಲೆಗೆ ಎತ್ತುವವನು ನಾನು.

ಒಂದು ದೀಪಾವಳಿಯ ಮುಂಚೆ ಮರಕ್ಕಾಗಿ ಖಾಪರಖೇಡಾ ರಸ್ತೆಯ ಕಡೆ ಹೋದೆ. ಕರೆಂಟಿನ ತಂತಿ ಎಳೆಯುವ ಗುತ್ತಿಗೆದಾರನೊಬ್ಬ ಅಲ್ಲಿ ಅಂಗಳ ಮಾಡಿಕೊಂಡಿದ್ದ. ಕಂಬಗಳಿಂದ ಕತ್ತರಿಸಿ ಬಿಟ್ಟ ತುಂಡುಗಳು ಮೂಲೆಯಲ್ಲಿ ಬಿದ್ದಿದ್ದವು. ಉತ್ತರದ ಕಡೆಯಿಂದ ಬಂದ ಯಾವುದೋ ಹಗುರ ಮರ. ಉಗುರಿನಿಂದ ಕೆರೆದು ನೋಡಿದೆ. ಒಳಗೆ ಎಳೆ ಹಸಿರು ಬಣ್ಣ, ನೇರ ಎಳೆ, ಒಂದು ಗಂಟಿಲ್ಲ, ಒಂದು ಹುಳದ ತೂತಿಲ್ಲ. ಖರಾದಿನ ಮೇಲೆ ಇದು ಬೆಣ್ಣೆಯಂತೆ ಬರುತ್ತದೆ ಎಂದು ನೋಡಿದ ಕೂಡಲೇ ತಿಳಿಯಿತು.

ಅಂಗಳದ ಕಾವಲುಗಾರ ವಯಸ್ಸಾದವನು. ಗುತ್ತಿಗೆದಾರನನ್ನು ಕೇಳಿ ನಾನು ಗಾಡಿಗೆ ತುಂಡು ಹಾಕುವಾಗ ಹತ್ತಿರ ಬಂದು ಹಿಂದಿಯಲ್ಲಿ ಹೇಳಿದ: "ಇವಕ್ಕೆ ಗೆದ್ದಲು ಹತ್ತಬಾರದು ಅಂತ ದವಾ ಕುಡಿಸಿದ್ದಾರೆ. ಏನು ಬೇಕಾದರೂ ಮಾಡಿ, ಒಲೆಗೆ ಹಾಕಬೇಡಿ. ನಮ್ಮ ಹಮಾಲನೊಬ್ಬ ಇದನ್ನ ಸುಟ್ಟು ಚಳಿ ಕಾಯಿಸಿ, ಎರಡು ದಿನ ವಾಂತಿ ಮಾಡಿಕೊಂಡ."

ಬಂದು ಕಾಕಾಗೆ ಇದ್ದುದನ್ನು ಇದ್ದಂತೆ ಹೇಳಿದೆ. ಅವರು ತುಂಡನ್ನು ಮೂಸಿ ನೋಡಿದರು, ನಾಲಿಗೆಗೆ ತಾಗಿಸಿ ನೋಡಿದರು. ರುಚಿ ಏನೂ ಇರಲಿಲ್ಲ.

"ಸೌಟು ಯಾರು ಒಲಿಗೆ ಹಾಕ್ತಾರೋ? ದವಾ ಅಂದ್ರ ಏನ್, ಒಣಗಿ ಹೋಗಿರ್ತೈತಿ ಇಷ್ಟೊತ್ತಿಗೆ. ಎರಡು ಸರ್ತಿ ಎಣ್ಣಿ ಜಾಸ್ತಿ ಕೊಡೂಣು. ದೀಪಾವಳಿ ಮಾಲು ಹೋಗ್ಲಿ, ಆಮ್ಯಾಲೆ ನೋಡೂಣು."

ನಾನು ಸರಿ ಎಂದೆ. ಯಾರೂ ಸೌಟು ಸುಡುವುದಿಲ್ಲ ಎಂಬ ಮಾತು ನನಗೂ ಬರೋಬರ್ ಅನ್ನಿಸಿತು. ಅದೇ ಸಂಜೆ ಚಕ್ಕೆ ಗುಡಿಸಿ ಚೀಲ ತುಂಬಿ ನಿಂಗವ್ವನ ತಲೆಗೆ ಎತ್ತಿದೆ. ಮರುದಿನವೂ ಎತ್ತಿದೆ. ದೀಪಾವಳಿ ಮುಗಿದ ಮೇಲೂ ಅದೇ ಮರ ನಡೆಯಿತು, ಚೀಲವೂ ನಡೆಯಿತು. ಕಾವಲುಗಾರನ ಮಾತಿಗೂ ಆ ಚೀಲಕ್ಕೂ ಸಂಬಂಧವಿದೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೇಗೆ ಹೊಳೆಯಲಿಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಕೈ ತಾನಾಗಿ ಮಾಡುವ ಕೆಲಸವನ್ನು ತಲೆ ನೋಡುವುದಿಲ್ಲ, ನನಗೆ ಸಿಕ್ಕ ಉತ್ತರ ಅಷ್ಟೇ. ಆ ಹಸಿರು ಮರದ ಚಕ್ಕೆ ಚೆನ್ನಾಗಿ ಹತ್ತಿಕೊಳ್ಳುತ್ತಿತ್ತು. "ಈ ಕಟಗಿ ಭಾಳ ಚಲೋ ಐತಿ, ತಮ್ಮಾ. ಊದೂದ ಬ್ಯಾಡ" ಎಂದು ನಿಂಗವ್ವ ಸಂತೋಷದಿಂದ ಹೇಳಿದ್ದಳು.

ಆ ವರ್ಷ ಚಳಿ ಜೋರಾಗಿತ್ತು. ಚಾಳದ ಕೋಣೆಗೆ ಕಿಟಕಿ ಇರಲಿಲ್ಲ. ಮುದುಕಿ ಬಾಗಿಲು ಹಾಕಿಕೊಂಡು ಹಗಲೆಲ್ಲ ಒಲೆಯ ಮುಂದೆ ಕೂರುತ್ತಿದ್ದಳು. ಶಾಂತಾಳಿಗೆ ಹದಿಮೂರು ವರ್ಷ, ಶಾಲೆಯಿಂದ ಬಂದು ಒಲೆಯ ಬೂದಿಯಿಂದ ಹಿತ್ತಾಳೆ ಪಾತ್ರೆ ತಿಕ್ಕುವುದು ಅವಳ ಕೆಲಸ. ನಿಂಗವ್ವ ಮಾತ್ರ ಬೆಳಿಗ್ಗೆಯಿಂದ ಸಂಜೆಯವರೆಗೆ ಕಾರ್ಖಾನೆಯಲ್ಲಿ ನಮ್ಮೊಂದಿಗೆ ಇರುತ್ತಿದ್ದಳು.

ಮೊದಲು ಮುದುಕಿಗೆ ವಾಂತಿ ಭೇದಿ ಹಿಡಿಯಿತು. ಹದಿನೈದು ದಿನ ಹೀಗೆ ಹಾಗೆ ನರಳಿ ಸತ್ತಳು. ವಯಸ್ಸಾಗಿತ್ತು ಎಂದು ಎಲ್ಲರೂ ಸುಮ್ಮನಾದರು. ಆಮೇಲೆ ಶಾಂತಾ ಹೊಟ್ಟೆನೋವು ಎಂದು ಶಾಲೆ ಬಿಟ್ಟಳು. ತಲೆ ಬಾಚಿದರೆ ಹಣಿಗೆ ತುಂಬ ಕೂದಲು ಬರುತ್ತಿದ್ದವು. ಅಂಗೈ ಒರಟಾಗಿ ಚುಕ್ಕೆ ಚುಕ್ಕೆ ಗಂಟು ಬಂದವು. ಕಾಲಲ್ಲಿ ಇರುವೆ ಹರಿದಂತಾಗುತ್ತದೆ ಎನ್ನುತ್ತಿದ್ದವಳು, ಮಾಘ ಬರುವಷ್ಟರಲ್ಲಿ ಗೋಡೆ ಹಿಡಿಯದೆ ನಡೆಯಲಾರದಾದಳು. ನಿಂಗವ್ವನ ಕೂದಲೂ ಉದುರುತ್ತಿತ್ತು. ಸೆರಗು ಬಿಗಿಯಾಗಿ ಹೊದ್ದು ಕೆಲಸಕ್ಕೆ ಬರುತ್ತಿದ್ದಳು. ಬೆರಳ ತುದಿಗೆ ಸ್ಪರ್ಶ ತಿಳಿಯುತ್ತಿಲ್ಲ ಎಂದು ಒಂದು ದಿನ ಹೇಳಿದಳು. ಅವಳು ಉಜ್ಜಿದ ಸೌಟುಗಳಲ್ಲಿ ಎಳೆ ಎದ್ದಿರುತ್ತಿತ್ತು. ಕಾಕಾ ಬೈದರು. ನಾನು ಅವಳ ಪಾಲಿನದನ್ನು ಇನ್ನೊಮ್ಮೆ ಉಜ್ಜಿಡುತ್ತಿದ್ದೆ. ಚೀಲ ತುಂಬುವುದನ್ನು ಮಾತ್ರ ನಿಲ್ಲಿಸಲಿಲ್ಲ. ಕಷ್ಟದಲ್ಲಿದ್ದಾಳೆ ಎಂದು ಕಾಲಿನಿಂದ ಒತ್ತಿ ಒತ್ತಿ ಹೆಚ್ಚು ತುಂಬುತ್ತಿದ್ದೆ.

ಕೊನೆಗೆ ಶಾಂತಾಳನ್ನು ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಒಬ್ಬ ಮರಾಠಿ ಡಾಕ್ಟರು, ನನ್ನ ವಯಸ್ಸಿನವರೇ. ಹುಡುಗಿಯ ಉಗುರುಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಪ್ರತಿ ಉಗುರಿನಲ್ಲೂ ಅಡ್ಡಕ್ಕೆ ಒಂದು ಬಿಳಿ ಗೆರೆ ಇತ್ತು. ಮನೆಯಲ್ಲಿ ಇನ್ನೂ ಯಾರಾದರೂ ಹೀಗೆ ಬಿದ್ದರೇ ಎಂದು ಕೇಳಿದರು. ಅತ್ತೆ ಸತ್ತದ್ದನ್ನು ನಿಂಗವ್ವ ಹೇಳಿದಳು. ಅವರು ಕೂಡಲೇ ಎದ್ದು ಹೋದರು.

ಮರುದಿನ ಬೆಳಿಗ್ಗೆ ಪೊಲೀಸರು ಚಾಳಕ್ಕೆ ಬಂದರು. ಹುಡುಗಿಯ ಮೈಯಲ್ಲಿ ಪಾಷಾಣ ಇರುವ ಗುಮಾನಿ ಎಂದು ಡಾಕ್ಟರು ಬರೆದು ಕಳಿಸಿದ್ದರು. ಅಕ್ಕಪಕ್ಕದವರನ್ನು ಕೇಳಿದಾಗ ಅತ್ತೆ ಸೊಸೆಗೆ ದಿನಾ ಜಗಳ ಎಂದರು, ಅದು ಸುಳ್ಳಲ್ಲ. ಅಡುಗೆ ಮಾಡುವವಳು ನಿಂಗವ್ವ, ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಕಾಯಿಲೆಯಾದವಳೂ ನಿಂಗವ್ವ. ಮಗಳಿಗೆ ಗಂಜಿ ಒಯ್ಯಲು ಹೊರಟಿದ್ದವಳನ್ನು ಹಾಗೇ ಕರೆದುಕೊಂಡು ಹೋಗಿ ಠಾಣೆಯಲ್ಲಿ ಕೂರಿಸಿದರು.

ಈ ಸುದ್ದಿಯನ್ನು ಚಾಳದ ಹೆಂಗಸೊಬ್ಬಳು ಕಾರ್ಖಾನೆಗೆ ಬಂದು ಹೇಳಿದಾಗ ನಾನು ಖರಾದಿನ ಮುಂದಿದ್ದೆ. ಪಾಷಾಣ ಎಂಬ ಮಾತು ಕಿವಿಗೆ ಬಿದ್ದದ್ದೇ ಕೈಯೊಳಗಿನ ಉಳಿ ತುಂಡಿಗೆ ಸಿಕ್ಕಿ ಹಾರಿತು. ಕಾವಲುಗಾರ, ಹಮಾಲ, ವಾಂತಿ, ಚೀಲ ಎಲ್ಲವೂ ಒಂದೇ ಸಲಕ್ಕೆ ಎದುರು ಬಂದು ನಿಂತವು. ಮೋಟಾರು ನಿಲ್ಲಿಸಿ ಕಾಕಾನ ಕಡೆ ನೋಡಿದೆ. ಅವರ ಮುಖ ಬೂದಿಯಾಗಿತ್ತು. ಅವರಿಗೂ ತಿಳಿದಿತ್ತು.

ಆ ಹೆಂಗಸು ಹೋದಮೇಲೆ, "ಕಾಕಾ, ನಾ ಠಾಣೆಕ್ಕ ಹೋಗಿ ಹೇಳ್ತೇನಿ" ಎಂದೆ.

ಕಾಕಾ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತರು. "ನಿಲ್ಲೋ ಮೋನ್ಯಾ, ಒಂದೀಟು ನಿಲ್ಲು. ಇದು ಹೊರಗ ಬಿದ್ರ ನನ್ನ ಕೈಯಾಗಿನ ಸೌಟು ನಾಗಪುರದಾಗ ಯಾವ ಮನಿಯವರೂ ಒಳಗ ಇಟ್ಕೊಳ್ಳಂಗಿಲ್ಲ. ಮೂವತ್ತು ವರ್ಷ ಆತು ನಾ ಈ ಊರಿಗೆ ಬಂದು. ನನಗ ಇದನ್ನ ಬಿಟ್ರ ಏನೈತಿ ಹೇಳು?"

"ನಿಂಗಕ್ಕ ಅಲ್ಲಿ ಕುಂತಾಳ, ಕಾಕಾ."

"ಆಕಿ ಏನೂ ಮಾಡಿಲ್ಲ. ಮಾಡದಾಕಿನ್ನ ಎಷ್ಟು ದಿನ ಇಟ್ಕೋತಾರ? ತಾವಾಗೇ ಬಿಡ್ತಾರ. ನಾಕು ದಿನ ತಡಿ." ಆಮೇಲೆ ಇನ್ನೊಂದು ಮಾತು ಹೇಳಿದರು: "ಚೀಲಾ ತುಂಬಿದಾಂವ ನೀನು. ನನ್ನ ಒಬ್ಬನ್ನ ಒಯ್ಯೂದಿಲ್ಲ ಅವರು."

ಅವರು ನನ್ನ ಕಾಲು ಹಿಡಿದರು, ಅದಕ್ಕೆ ಸುಮ್ಮನಾದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಕಾಲು ಹಿಡಿದದ್ದು ನಿಜ. ಆದರೆ ನನ್ನನ್ನು ನಿಲ್ಲಿಸಿದ್ದು ಆ ಕೊನೆಯ ಮಾತು. ನನಗೆ ಇಪ್ಪತ್ತಮೂರು ವರ್ಷ. ಮದುವೆ ಗೊತ್ತಾಗಿತ್ತು. ಜೈಲಿನ ಭಯವಾಯಿತು.

ಅಂದು ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಶಾಂತಾಳ ತಲೆಯಲ್ಲಿ ಅಲ್ಲಲ್ಲಿ ನಾಲ್ಕು ಕೂದಲು ಉಳಿದಿದ್ದವು. ಕಣ್ಣು ತೆರೆದು, "ಮಾಮಾ, ಅವ್ವ ಎಲ್ಲಿ ಅದಾಳ?" ಎಂದಳು.

"ಕಾರ್ಖಾನ್ಯಾಗ ಭಾಳ ಕೆಲಸ ಐತಿ. ಸಂಜಿಕ್ಕ ಬರ್ತಾಳ" ಎಂದೆ.

ಎರಡನೆಯ ದಿನ ಹೋದಾಗ ಅವಳು ಪ್ರಶ್ನೆ ಬದಲಿಸಿದ್ದಳು. "ಅವ್ವ ನನ್ನ ಮ್ಯಾಲೆ ಸಿಟ್ಟಾಗ್ಯಾಳೇನ್ರಿ ಮಾಮಾ?" ಇಲ್ಲ ಎಂದೆ. ಅವಳ ಬಾಯಿಗೆ ಎರಡು ಚಮಚ ನೀರು ಹಾಕಿದೆ. ಡಾಕ್ಟರು ಅದೇ ವಾರ್ಡಿನಲ್ಲಿ ನಾಲ್ಕು ಮಂಚದ ಆಚೆ ನಿಂತಿದ್ದರು. ಹತ್ತು ಹೆಜ್ಜೆ. ಎದ್ದು ನಿಂತೆ, ಅವರತ್ತ ಎರಡು ಹೆಜ್ಜೆ ಇಟ್ಟೆ. ಅವರು ನನ್ನ ಕಡೆ ತಿರುಗಿ, "ಏನು?" ಎಂದರು. "ಏನಿಲ್ಲ ಸಾಹೇಬರೇ" ಎಂದು ಹೊರಗೆ ಬಂದುಬಿಟ್ಟೆ.

ಮೂರನೆಯ ದಿನ ಬೆಳಿಗ್ಗೆ ಹೋದಾಗ ಮಂಚ ಖಾಲಿಯಿತ್ತು. ಹಾಸಿಗೆ ಸುತ್ತಿಟ್ಟಿದ್ದರು. ನರ್ಸಮ್ಮ ಹೇಳಿದಳು, ಬೆಳಗಾಗುವಾಗ ಹೋಯಿತು, ಅವ್ವಾ ಅವ್ವಾ ಅನ್ನುತ್ತಿತ್ತು, ಅವಳ ತಾಯಿ ಎಂಥವಳು, ಈ ಮೂರು ದಿನ ಬಂದು ನೋಡಲೇ ಇಲ್ಲ ಎಂದು.

ನಾನು ಅಲ್ಲಿಂದ ಓಡಿದೆ. ಕಾರ್ಖಾನೆಗೆ ಬಂದು ಹಸಿರು ಮರದ ಒಂದು ತುಂಡು, ಒಂದು ಹಿಡಿ ಚಕ್ಕೆ ಎತ್ತಿಕೊಂಡೆ. ಕಾಕಾ ನೋಡಿದರು, ಈ ಸಲ ತಡೆಯಲಿಲ್ಲ. ಚಾಳಕ್ಕೆ ಹೋಗಿ ನಿಂಗವ್ವನ ಒಲೆಯ ಬೂದಿಯನ್ನು ಕಾಗದದಲ್ಲಿ ಕಟ್ಟಿಕೊಂಡೆ. ಮೂರನ್ನೂ ಡಾಕ್ಟರ ಮೇಜಿನ ಮೇಲಿಟ್ಟು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವರು ಬೂದಿಯನ್ನು ಯಾವುದೋ ಆಮ್ಲದಲ್ಲಿ ಹಾಕಿ, ಅದರಲ್ಲಿ ಒಂದು ತಾಮ್ರದ ಪಟ್ಟಿ ಮುಳುಗಿಸಿ ಕುದಿಸಿದರು. ಕೆಂಪಗೆ ಹೊಳೆಯುತ್ತಿದ್ದ ಪಟ್ಟಿ ನನ್ನ ಕಣ್ಣೆದುರೇ ಕಪ್ಪಗಾಯಿತು.

"ಇದು ಯಾವಾಗ ಗೊತ್ತಾಯಿತು ನಿನಗೆ?" ಎಂದು ಕೇಳಿದರು.

"ಇವತ್ತಿಗೆ ಮೂರು ದಿನ."

"ಮೊದಲೇ ಹೇಳಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಬೇಡ" ಎಂದರು. "ಒಂದು ಸೂಜಿಮದ್ದಿದೆ. ಖಾತ್ರಿಯಾಗದೆ ಕೊಡುವಂತಿರಲಿಲ್ಲ. ಅಷ್ಟು ಹದಗೆಟ್ಟಮೇಲೆ ಅದು ಕೆಲಸ ಮಾಡುತ್ತಿತ್ತೋ ಇಲ್ಲವೋ ನನಗೂ ತಿಳಿಯದು." ಚೀಟಿ ಬರೆದುಕೊಟ್ಟು ತಾವೂ ನನ್ನೊಂದಿಗೆ ಠಾಣೆಗೆ ಬಂದರು.

ನಿಂಗವ್ವನನ್ನು ಅಂದೇ ಬಿಟ್ಟರು. ಅವಳಿಗೆ ಮಗಳ ಸುದ್ದಿಯನ್ನು ಹೇಳಿದವರು ಡಾಕ್ಟರು, ಮರಾಠಿಯಲ್ಲಿ. ಅವಳು ಅರ್ಥವಾಗದವಳಂತೆ ನನ್ನ ಮುಖ ನೋಡಿದಳು. ನಾನು ಅದನ್ನೇ ಕನ್ನಡದಲ್ಲಿ ಹೇಳಬೇಕಾಯಿತು. ಸಂಜೆಯ ಒಳಗೆ ಮಣ್ಣು ಮಾಡಿದೆವು. ಕಾಕಾ ದೂರದಲ್ಲಿ, ಸ್ಮಶಾನದ ಗೋಡೆಯ ಹೊರಗೆ ನಿಂತಿದ್ದರು.

ಮರುದಿನ ಅವಳ ಕೋಣೆಗೆ ಹೋದೆ. ಒಲೆ ಹಚ್ಚಿರಲಿಲ್ಲ. ಹೊಸ್ತಿಲ ಹೊರಗೇ ಕುಳಿತು ಎಲ್ಲ ಹೇಳಿದೆ. ಕಾವಲುಗಾರ ಹೇಳಿದ್ದನ್ನು, ನಾನು ಚೀಲ ತುಂಬಿದ್ದನ್ನು, ಮೂರು ದಿನ ಬಾಯಿ ಮುಚ್ಚಿಕೊಂಡದ್ದನ್ನು, ಶಾಂತಾ ಕೇಳಿದ ಎರಡು ಮಾತುಗಳನ್ನೂ. ಆ ಎರಡು ಮಾತು ಹೇಳಬಾರದಿತ್ತೇನೋ. ಆದರೆ ಅವು ತಾಯಿಗೆ ಸೇರಿದ್ದು, ನಾನು ಇಟ್ಟುಕೊಳ್ಳುವಂಥದ್ದಲ್ಲ ಅನ್ನಿಸಿತು.

ಅವಳು ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಎಲ್ಲ ಕೇಳಿ ಅವಳು ಅಂದದ್ದು: "ಆ ಕಟಗೀದು ಮಾಡಿದ ಸಾಮಾನ ಎಷ್ಟ ಮನ್ಯಾಗ ಅದಾವ?"

"ಭಾಳ ಮನ್ಯಾಗ, ಅಕ್ಕಾ. ದೀಪಾವಳಿ ಮಾಲೆಲ್ಲಾ ಅದರದ."

"ಏಳು. ಹೋಗೂಣು."

"ಇವತ್ತ?"

"ಮತ್ತ ಯಾವಾಗ? ಇನ್ನೂ ಮೂರು ದಿನ ಬಿಟ್ಟೇನು?"

ಮೊದಲು ಸೀತಾಬರ್ಡಿಯ ವ್ಯಾಪಾರಿಯ ಹತ್ತಿರ ಹೋದೆವು. ಉಳಿದ ಮಾಲು ವಾಪಸ್ ಕೊಡಿ, ಯಾರು ಯಾರು ಒಯ್ದರೋ ನೆನಪಿದ್ದಷ್ಟು ಹೇಳಿ ಎಂದೆ. ಅವನು ನಗಾಡಿದ. ನಿಂಗವ್ವ ಮುಂದೆ ಬಂದು ತನ್ನ ಎರಡೂ ಅಂಗೈಗಳನ್ನು ಅವನ ಗಲ್ಲಾಪೆಟ್ಟಿಗೆಯ ಮೇಲೆ ಬಿಡಿಸಿಟ್ಟಳು. ಅಂಗೈ ತುಂಬ ಗಂಟು, ಉಗುರುಗಳಲ್ಲಿ ಬಿಳಿ ಗೆರೆ. ಆಮೇಲೆ ತಲೆಯ ಮೇಲಿನ ಸೆರಗು ಸರಿಸಿದಳು. ಗಂಡ ಸತ್ತಾಗಲೂ ಯಾರೆದುರೂ ಸೆರಗು ಸರಿಸದಿದ್ದ ಹೆಂಗಸು ನಡುಪೇಟೆಯಲ್ಲಿ ಬೋಳಾದ ತಲೆ ತೋರಿಸಿ ನಿಂತಳು. ವ್ಯಾಪಾರಿ ಎದ್ದು ಒಳಗಿನಿಂದ ತಾನೇ ಮಾಲು ಹೊತ್ತು ತಂದ.

ಹೀಗೆ ಮನೆ ಮನೆ ತಿರುಗಿದೆವು. ಬಾಗಿಲಲ್ಲಿ ನಾನು ಮರಾಠಿಯಲ್ಲಿ ಹೇಳುವುದು, ಅವಳು ಸೆರಗು ಸರಿಸುವುದು. ಒಂದು ಮನೆಯಲ್ಲಿ ಹಲ್ಲು ಬರುತ್ತಿದ್ದ ಕೂಸು ಸಣ್ಣ ಲಟ್ಟಣಿಗೆ ಕಚ್ಚುತ್ತಾ ಕುಳಿತಿತ್ತು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ನಿಂಗವ್ವ ಒಳಗೆ ನುಗ್ಗಿ ಅದರ ಕೈಯಿಂದ ಕಿತ್ತುಕೊಂಡಳು. ಕೂಸು ಅತ್ತಿತು, ತಾಯಿ ಕೂಗಾಡಿದಳು, ಮಂದಿ ಸೇರಿದರು. ನಿಂಗವ್ವ ಲಟ್ಟಣಿಗೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅಲ್ಲಿ ಒಂದೇ ಸಲ.

ಎಲ್ಲವೂ ಸಿಗಲಿಲ್ಲ. ಕೆಲವರು ಊರು ಬಿಟ್ಟಿದ್ದರು. ಕೆಲವರು, ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ, ಕಾಠವಟ ಕೊಡುವುದಿಲ್ಲ ಎಂದು ಬಾಗಿಲು ಹಾಕಿಕೊಂಡರು. ಸಿಕ್ಕಿದ್ದನ್ನು ಸುಡುವಂತಿರಲಿಲ್ಲ. ಊರ ಹೊರಗೆ ಯಾರೂ ಉಳದ ಕಲ್ಲುಭೂಮಿಯಲ್ಲಿ ಹೂಳಲು ಗಾಡಿಯಲ್ಲಿ ಒಯ್ದೆವು. ಜಾಗ ಯಾವುದೆಂದು ಕಾಕಾಗೆ ಮೊದಲೇ ಹೇಳಿದ್ದೆ, ಅಲ್ಲಿ ಹೋಗಿ ನೋಡಿದರೆ ಅವರು ಗುದ್ದಲಿ ಹಿಡಿದು ಆಗಲೇ ಸೊಂಟದ ಆಳ ತೋಡಿದ್ದರು. ಉಳಿದ ಹಸಿರು ಮರವನ್ನೂ ತಂದಿದ್ದರು. ಒಂದೊಂದೇ ಸೌಟು ತೆಗೆದು, ಮುರಿದು, ಕುಣಿಯಲ್ಲಿಟ್ಟರು. ನಿಂಗವ್ವನ ಕಡೆ ಕೈಮುಗಿಯಲು ಹೋದರು. ಅವಳು ಮುಖ ತಿರುಗಿಸಿದಳು.

ನಮ್ಮ ಮೇಲೆ ಖಟ್ಲೆ ನಿಲ್ಲಲಿಲ್ಲ. ಬೇಕೆಂದು ಮಾಡಿದ್ದಲ್ಲ ಎಂದು ಬರೆದುಕೊಂಡು ಬಿಟ್ಟರು. ಗುತ್ತಿಗೆದಾರ, ನಾನು ಕೊಟ್ಟದ್ದು ಸೌಟು ಮಾಡಲಿಕ್ಕಲ್ಲ ಎಂದ. ಅದೂ ಸುಳ್ಳಲ್ಲ. ಕಾಕಾ ಖರಾದು ಮಾರಿ ಕಾರ್ಖಾನೆಗೆ ಬೀಗ ಹಾಕಿ, ರೈಲ್ವೆ ಸ್ಟೇಷನ್ ಹತ್ತಿರದ ಒಂದು ಮಠದಲ್ಲಿ ಕಸ ಗುಡಿಸಿಕೊಂಡು ಇದ್ದರು. ಎರಡು ವರ್ಷ ಬದುಕಿದ್ದರು. ನಾನು ನೋಡಲು ಹೋದರೆ ಮಾತಾಡುತ್ತಿದ್ದರು, ಆದರೆ ಮರದ ಮಾತು ಎತ್ತುತ್ತಿರಲಿಲ್ಲ. ನನ್ನ ಗೊತ್ತಾದ ಮದುವೆ ಮುರಿಯಿತು. ಬೇರೆ ಕೆಲಸ ಬಾರದ ಕಾರಣ ಕೆಲವು ವರ್ಷಗಳ ಮೇಲೆ, ಊರಿನ ಇನ್ನೊಂದು ತುದಿಯಲ್ಲಿ ಮತ್ತೆ ಇದನ್ನೇ ಹಿಡಿದೆ.

ನೀವು ಈ ಕೆಲಸಕ್ಕೆ ಬರುವವರು, ನಿಮಗೆ ಹೇಳುವುದು ಇಷ್ಟು. ಮರ ನಿಮ್ಮ ಕೈಗೆ ಬರುವ ಮುಂಚೆ ಏನಾಗಿತ್ತು ಎಂದು ಕೇಳಿ. ನಿಮ್ಮ ಅಂಗಳದಿಂದ ಹೊಟ್ಟು, ಚಕ್ಕೆ, ಚೂರು ಯಾರು ಒಯ್ಯುತ್ತಾರೆ, ಒಯ್ದು ಏನು ಮಾಡುತ್ತಾರೆ ಎಂದೂ ಕೇಳಿ. ಕಾವಲುಗಾರನಂಥವನು ತಾನಾಗಿ ಬಂದು ಒಂದು ಮಾತು ಹೇಳಿದರೆ ಗಾಡಿ ಅಲ್ಲೇ ನಿಲ್ಲಿಸಿ ಇನ್ನೊಮ್ಮೆ ಕೇಳಿ. ಆದರೂ ತಪ್ಪಾಗುತ್ತದೆ. ಆಗ ಏನು ಮಾಡಬೇಕು ಎನ್ನುವುದನ್ನು ನಾನು ಹೇಳಿಕೊಡಬೇಕಾಗಿಲ್ಲ, ನಾನು ಮಾಡದೆ ಬಿಟ್ಟದ್ದನ್ನು ಬರೆದಿದ್ದೇನೆ.

ಆ ಬೇಸಿಗೆಯಲ್ಲಿ ನಿಂಗವ್ವ ತನ್ನ ಅಣ್ಣನ ಊರಿಗೆ ಹೊರಟಳು. ಅವಳ ಟ್ರಂಕು ಹೊತ್ತು ಸ್ಟೇಷನ್ನಿಗೆ ಹೋದೆ. ಬೇಡ ಎನ್ನಲಿಲ್ಲ. ಡಬ್ಬಿಯ ಬಾಗಿಲಲ್ಲಿ ಟ್ರಂಕು ಒಳಗೆ ತಳ್ಳಿದ ಮೇಲೆ ತಿರುಗಿ ನಿಂತು ಹೇಳಿದಳು:

"ಕಾಳಪ್ಪ ಹೇಳ್ಲಿಲ್ಲ, ನೀ ಹೇಳ್ದಿ. ಅದನ್ನ ನಾ ಮರಿಯಂಗಿಲ್ಲ, ತಮ್ಮಾ. ಆದ್ರ ನನ್ನ ಕೂಸು ನಾ ಸಿಟ್ಟಾಗೇನಿ ಅನ್ಕೊಂಡ ಹೋತಲ್ಲೋ."

ಅಷ್ಟು ಹೇಳಿ ಒಳಗೆ ಹೋಗಿ ಆಚೆಯ ಕಿಟಕಿಯ ಹತ್ತಿರ ಕುಳಿತಳು. ಗಾಡಿ ಅರ್ಧ ತಾಸು ತಡವಾಗಿ ಬಿಟ್ಟಿತು. ಅಷ್ಟು ಹೊತ್ತೂ ನಾನು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ಅವಳು ಈಚೆಯ ಕಿಟಕಿಗೆ ಬರಲಿಲ್ಲ.